ಯಾವ ಆ್ಯಪ್ ಹಾಕಿಕೊಳ್ಳಲಿ ಎಂದು ಕೇಳುವ ಮಾಸ್ತರರಿಗೆ, ಅಕ್ಕೋರಿಗೆ

ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಚಹಾ ಬರುವ ಹೊತ್ತಿಗೆ ಈ ಪ್ರಶ್ನೆಯೂ ಬರುತ್ತದೆ. ಕಾರವಾರವಾದರೂ ಅಷ್ಟೆ, ಶಿರಸಿಯಾದರೂ ಅಷ್ಟೆ. "ನಮ್ಮ ಮಕ್ಕಳು ಬರೆದದ್ದನ್ನು ಬೇರೆ ಶಾಲೆಯವರಿಗೆ ತೋರಿಸಿ, ನಾವೂ ಏನಾದರೂ ಕಲಿಯಬೇಕು ಅಂತ ಮನಸ್ಸುಂಟು. ಯಾವ ಆ್ಯಪ್ ಒಳ್ಳೆಯದು?"

ಹೊಸ ಆ್ಯಪ್ ಯಾವುದೂ ಬೇಡ. ಮಾತಾಡಲಿಕ್ಕೆ ವಾಟ್ಸ್‌ಆ್ಯಪ್, ಜೋಪಾನವಾಗಿ ಇಡಲಿಕ್ಕೆ ಗೂಗಲ್ ಡ್ರೈವ್. ಎರಡೂ ಹೆಚ್ಚಿನವರ ಫೋನಿನಲ್ಲಿ ಈಗಾಗಲೇ ಇವೆ. ಕೆಡುವುದು ಅದರೊಳಗೆ ನಾವು ತುಂಬುವ ಸರಕಿನಿಂದ. ದುಂಡು ಅಕ್ಷರದ ಪ್ರಬಂಧ, ಪ್ರತಿಭಾ ಕಾರಂಜಿಯ ಬಹುಮಾನದ ಫೋಟೋ, ಅದರ ಕೆಳಗೆ ಹನ್ನೆರಡು ಚಪ್ಪಾಳೆ. ಇದರಿಂದ ಹಾಕಿದವರೂ ಏನೂ ಕಲಿಯುವುದಿಲ್ಲ, ನೋಡಿದವರೂ ಕಲಿಯುವುದಿಲ್ಲ. ಕಲಿಯಬೇಕೆಂದಿದ್ದರೆ ತಪ್ಪಿದ ಲೆಕ್ಕದ ಹಾಳೆ ಹಾಕಿ.

ಒಂದು ಲೆಕ್ಕ ನೋಡಿ. 402ರಲ್ಲಿ 178 ಕಳೆಯಬೇಕು. ಸರಿಯುತ್ತರ 224. ಒಬ್ಬ ಹುಡುಗ 376 ಬರೆದ, ಪಕ್ಕದವಳು 134 ಬರೆದಳು. ಎರಡಕ್ಕೂ ಕೆಂಪು ಶಾಯಿಯ ತಪ್ಪು ಗುರುತು ಬಿದ್ದರೆ ಎರಡೂ ಒಂದೇ ತಪ್ಪಿನ ಹಾಗೆ ಕಾಣುತ್ತವೆ. ಹುಡುಗ ಮಾಡಿದ್ದು ಪ್ರತಿ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು: 8ರಲ್ಲಿ 2 ಹೋದರೆ 6, 7ರಲ್ಲಿ 0 ಹೋದರೆ 7, 4ರಲ್ಲಿ 1 ಹೋದರೆ 3. ಮೇಲಿನ ಸಂಖ್ಯೆ ಯಾವುದು, ಕೆಳಗಿನದು ಯಾವುದು ಎಂಬ ಗೊಡವೆಯೇ ಅವನಿಗಿಲ್ಲ. ಹುಡುಗಿಗೆ ಪಕ್ಕದ ಮನೆಯಿಂದ, ಅಂದರೆ ಪಕ್ಕದ ಸ್ಥಾನದಿಂದ, ಸಾಲ ತರುವುದು ಗೊತ್ತು. ಹತ್ತರ ಮನೆಯಲ್ಲಿ ಸೊನ್ನೆ ಕಂಡದ್ದರಿಂದ ಬಿಡಿಗೂ ನೂರರ ಮನೆಯಿಂದಲೇ ತಂದಳು, ಹತ್ತಕ್ಕೂ ಮತ್ತೊಮ್ಮೆ ಅಲ್ಲಿಂದಲೇ ತಂದಳು. 4 ಹೋಗಿ 3, 3 ಹೋಗಿ 2. ಹಾಗಾಗಿ ಕೊನೆಗೆ ನೂರರ ಮನೆಯಲ್ಲಿ ಉಳಿದದ್ದು 1.

ಅವನಿಗೆ 52ರಲ್ಲಿ 38 ಕಳೆಯಲು ಕೊಟ್ಟು ನೋಡಬೇಕು. 26 ಎಂದರೆ ರೋಗ ಖಾತ್ರಿಯಾಯಿತು, ಕಡ್ಡಿ ಕಟ್ಟಿನಿಂದ ಶುರುಮಾಡಬೇಕು. ಅವಳಿಗೆ ಕಡ್ಡಿ ಬೇಡ. ನೂರರ ನಾಲ್ಕು ನೋಟು, ಒಂದರ ಎರಡು ನಾಣ್ಯ ಕೈಗಿಟ್ಟು "178 ಕೊಡು" ಎನ್ನಿ. ಒಂದು ನೋಟು ಮುರಿಸಿದರೆ ಹತ್ತರ ಹತ್ತು ನೋಟು ಬರುತ್ತದೆ, ಅದರಲ್ಲೊಂದನ್ನು ಮತ್ತೆ ಚಿಲ್ಲರೆ ಮಾಡಿಸಿದರೆ ಒಂಬತ್ತು ಉಳಿಯುತ್ತದೆ. ಆ ಒಂಬತ್ತು ಎಲ್ಲಿಂದ ಬಂತು ಎಂಬುದೇ ಅವಳಿಗೆ ತಿಳಿಯದೇ ಇದ್ದದ್ದು. ಇಂಥ ಹಾಳೆ ಗುಂಪಿಗೆ ಬಿದ್ದರೆ ಮಾತು ಹುಟ್ಟುತ್ತದೆ.

ಭಾಷೆಯ ಪಾಠಕ್ಕೂ ಇದೇ ಮಾತು. ಕಾರವಾರ ಕಡೆಯ ಮಗು "ಮರ ಬಿದ್ದ" ಎಂದು ಬರೆದರೆ ಘಟ್ಟದ ಮೇಲಿನವರಿಗೆ ಅದು ಗಮನವಿಲ್ಲದೆ ಆದ ತಪ್ಪು. ಕೊಂಕಣಿ ಬಲ್ಲ ಅಕ್ಕೋರು ತಕ್ಷಣ ಹಿಡಿಯುತ್ತಾರೆ: ಕೊಂಕಣಿಯಲ್ಲಿ ಜೀವವಿಲ್ಲದ ವಸ್ತುವಿಗೂ ಗಂಡು, ಹೆಣ್ಣು ಉಂಟು, ಮರ ಅಲ್ಲಿ ಗಂಡು. ಮಗು ಮನೆಯ ವ್ಯಾಕರಣವನ್ನು ಸರಿಯಾಗಿಯೇ ಹಾಕಿದೆ. ಆದ್ದರಿಂದ ಗುಂಪು ಕಟ್ಟುವಾಗ ಘಟ್ಟದ ಮೇಲಿನವರೂ ಕೆಳಗಿನವರೂ ಇರಲಿ. ಎಂಟು ಹತ್ತು ಜನ ಸಾಕು. ಐವತ್ತಾದರೆ ಶುಭೋದಯದ ಹೂಗಳು, ಸುತ್ತೋಲೆಗಳು ಬಂದು ಹಾಳೆ ಅಡಿಗೆ ಬೀಳುತ್ತದೆ. ಇಲಾಖೆಯ ಮಾಹಿತಿ ಬರುವ ಗುಂಪಿನಲ್ಲೇ ಇದನ್ನೂ ನಡೆಸುತ್ತೇವೆ ಎನ್ನುವವರು ನಡೆಸಿ ನೋಡಲಿ, ತಿಂಗಳು ಬಾಳುವುದಿಲ್ಲ.

ಹಾಳೆಯ ಜೊತೆ ಮೂರು ಸಾಲು ಬರೆಯಿರಿ: ನಾನು ಕೊಟ್ಟ ಕೆಲಸ ಏನು, ಮಗು ಏನು ಮಾಡಿತು, ನನಗೆ ಅರ್ಥವಾಗದ್ದು ಏನು. ಮೂರನೆಯ ಸಾಲು ಬರೆಯಲಿಕ್ಕೆ ಹೆಚ್ಚಿನವರಿಗೆ ನಾಚಿಕೆ. ಅದಿಲ್ಲದಿದ್ದರೆ ಉತ್ತರ ಬರುವುದು "ಚೆನ್ನಾಗಿದೆ ಸರ್" ಅಷ್ಟೆ. ಹದಿನೈದು ದಿನಕ್ಕೊಬ್ಬರು ಒಂದು ಹಾಳೆ ಹಾಕಿದರೆ ಸಾಕು, ಉಳಿದವರು ಅದನ್ನೇ ನೋಡಲಿ.

ಇನ್ನು ಫೋಟೋ. ತರಗತಿಯೊಳಗೆ ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ನಿಮ್ಮ ಕೈಯ ನೆರಳೇ ಹಾಳೆಯ ಮೇಲೆ ಬೀಳುತ್ತದೆ, ಫ್ಲ್ಯಾಶ್ ಹಾಕಿದರೆ ಪೆನ್ಸಿಲ್ ಗೆರೆ ಹೊಳೆದು ಮಾಯವಾಗುತ್ತದೆ. ಜಗಲಿಯಲ್ಲಿ, ನೇರ ಬಿಸಿಲು ಬೀಳದ ಕಡೆ ತೆಗೆಯಿರಿ. ಡ್ರೈವ್ ಆ್ಯಪ್‌ನಲ್ಲಿಯೇ ಸ್ಕ್ಯಾನ್ ಉಂಟು: ಪ್ಲಸ್ ಗುರುತು ಒತ್ತಿ, ಸ್ಕ್ಯಾನ್ ಆರಿಸಿ, ಅಂಚು ಸರಿಮಾಡಿ ಉಳಿಸಿದರೆ ಪಿಡಿಎಫ್ ಆಗುತ್ತದೆ. ಕಪ್ಪು ಬಿಳುಪು ಆಯ್ಕೆ ಮಾಡಬೇಡಿ, ತಿಳಿ ಪೆನ್ಸಿಲ್ ಅದರಲ್ಲಿ ಅಳಿಸಿಹೋಗುತ್ತದೆ, ಬಣ್ಣದ್ದೇ ಇರಲಿ. ಮಗು ರಬ್ಬರ್ ಹಾಕಿ ಅಳಿಸಿದ ಗುರುತೂ ಕಾಣಬೇಕು. ಮೊದಲು ಏನು ಯೋಚಿಸಿತ್ತು ಎಂಬ ಸುಳಿವು ಇರುವುದು ಅಲ್ಲಿಯೇ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗುತ್ತದೆ, ಆದ್ದರಿಂದ ಎಚ್‌ಡಿ ಒತ್ತಿ ಕಳಿಸಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಕುಗ್ಗುವುದಿಲ್ಲ ನಿಜ, ಆದರೆ ಫೋಟೋ ತೆಗೆದ ಜಾಗದ ಮಾಹಿತಿಯೂ ಜೊತೆಗೇ ಹೋಗಬಹುದು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿಡಿ.

ಮಳೆಗಾಲದ ಸಂಗತಿ ಬೇರೆ. ಜುಲೈನಲ್ಲಿ ಹಾಳೆ ತೇವ ಹೀರಿ ಸುರುಳುತ್ತದೆ, ನಾಲ್ಕು ಮೂಲೆಗೂ ಸ್ಕೇಲು ಇಡಬೇಕಾಗುತ್ತದೆ. ಲೆನ್ಸಿಗೆ ಹಬೆ ಕಟ್ಟುತ್ತದೆ, ಒರೆಸದೆ ತೆಗೆದ ಫೋಟೋ ಮಂಜು ಮುಸುಕಿದ ದೇವಿಮನೆ ಘಾಟಿಯ ಹಾಗೆ. ಗೋಡೆಯ ಚಾರ್ಟಿಗೆ ಬೂಷ್ಟು ಹಿಡಿಯುವುದಂತೂ ನಿಶ್ಚಯ, ಹಿಡಿಯುವ ಮೊದಲೇ ಫೋಟೋ ತೆಗೆದಿಡಿ.

ಹೆಸರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಫೋಟೋ ತೆಗೆದ ಮೇಲೆ ಫೋನಿನ ಹೈಲೈಟರಿನಿಂದ ಹೆಸರು ಬಳಿದರೆ ಅದು ಅರೆಪಾರದರ್ಶಕ, ಬೆಳಕು ಹೆಚ್ಚಿಸಿದರೆ ಓದಬಹುದು. ತೆಗೆಯುವ ಮೊದಲೇ ಒಂದು ಕಾಗದದ ಚೂರು ಇಟ್ಟು ಹೆಸರು, ಶಾಲೆ, ಎಸ್‌ಎಟಿಎಸ್ ಸಂಖ್ಯೆ (ಇಲಾಖೆ ಪ್ರತಿ ಮಗುವಿಗೆ ಕೊಡುವ ಗುರುತಿನ ಸಂಖ್ಯೆ) ಮುಚ್ಚಿ. "5ನೇ ತರಗತಿ, ಮಗು 3" ಎಂದಿದ್ದರೆ ಸಾಕು. ಹಾಳೆ ಸಾಕು, ಮುಖ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿಗೆ ಪಾಲಕರ ಒಪ್ಪಿಗೆ ಕೇಳುತ್ತದೆ. ಜೂನ್‌ನ ಪಾಲಕರ ಸಭೆಯಲ್ಲಿ ಎರಡೇ ಸಾಲಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ: ಏನನ್ನು ಹಂಚುತ್ತೇವೆ, ಯಾರು ನೋಡುತ್ತಾರೆ, ಬೇಡವೆಂದರೆ ತೆಗೆಯುತ್ತೇವೆ. ಓದು ಬಾರದವರಿಗೆ ಓದಿ ಹೇಳಿ. ಮಗುವನ್ನೂ ಕೇಳಿ, "ನನ್ನ ತಪ್ಪು ತೋರಿಸಬೇಡಿ" ಎಂದರೆ ಅಲ್ಲಿಗೆ ಮುಗಿಯಿತು.

ಓದುವಿಕೆ ತೋರಿಸಬೇಕಾದರೆ ವೀಡಿಯೋ ಬಿಟ್ಟು ಒಂದು ನಿಮಿಷದ ಧ್ವನಿ ಮುದ್ರಿಸಿ. ಮುಖ ಕಾಣುವುದಿಲ್ಲ, ಗಾತ್ರವೂ ಚಿಕ್ಕದು. ಜೋಯಿಡಾದಂಥ ಕಡೆ ಒಂದೇ ಕಡ್ಡಿ ಸಿಗ್ನಲ್ ಇದ್ದಾಗಲೂ ಹೋಗುತ್ತದೆ. ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಇಟ್ಟರೆ ಭದ್ರ ಎಂದುಕೊಂಡವರು ಬಹಳ. ಲಿಂಕು ಸಿಕ್ಕ ಯಾರೇ ಆದರೂ ನೋಡಬಹುದು.

ಡ್ರೈವಿನಲ್ಲಿಯೂ ಎಡವುವುದು ಇದೇ ಜಾಗದಲ್ಲಿ. ಅನುಮತಿ ಕೇಳಿ ಕೇಳಿ ಬೇಸತ್ತು "ಎನಿಒನ್ ವಿತ್ ದ ಲಿಂಕ್" ಮಾಡಿಬಿಡುತ್ತಾರೆ. ಫೋಲ್ಡರನ್ನು ರಿಸ್ಟ್ರಿಕ್ಟೆಡ್ ಇಟ್ಟು ಹತ್ತೂ ಜನರ ಜಿಮೇಲ್ ವಿಳಾಸ ಒಮ್ಮೆ ಸೇರಿಸಿದರೆ ವರ್ಷಪೂರ್ತಿ ತೊಂದರೆಯಿಲ್ಲ. ಹಾಳೆ ಸೇರಿಸಬೇಕಾದವರು ಎಡಿಟರ್, ನೋಡಿ ಹೇಳುವವರು ಕಮೆಂಟರ್. ಅಳಿಸಿದ ಫೈಲು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಫೈಲಿಗೆ "2025-07 ಗಣಿತ 5 ವ್ಯವಕಲನ" ಎಂಬಂತೆ ವರ್ಷ, ತಿಂಗಳು ಮೊದಲು ಬರಲಿ, ಆಗ ತಾನಾಗಿ ಸಾಲುಗೂಡುತ್ತದೆ. ಜಾಗದ ಚಿಂತೆ ಬೇಡ: ಉಚಿತವಾಗಿ ಸಿಗುವುದು 15 ಜಿಬಿ, 4 ಎಂಬಿಯ 160 ಫೋಟೋ ಹಾಕಿದರೂ 640 ಎಂಬಿ. ಚಿಂತೆ ಮಾಡಬೇಕಾದ್ದು ವರ್ಗಾವಣೆಯದು. ಫೋಲ್ಡರು ಒಬ್ಬರ ಸ್ವಂತ ಖಾತೆಯಲ್ಲಿದ್ದು, ಅವರು ಬೇರೆ ಜಿಲ್ಲೆಗೆ ಹೋಗಿ ಫೋನು, ನಂಬರು ಎರಡೂ ಬದಲಾದರೆ ಕೀಲಿಕೈ ಹೋದ ಹಾಗೆ. ಗುಂಪಿಗೆಂದೇ ಬೇರೆ ಖಾತೆ ತೆರೆದು, ಪಾಸ್‌ವರ್ಡ್ ಇಬ್ಬರ ಬಳಿ ಇರಲಿ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಿಬಿಡಬಹುದು ಎಂಬುದೂ ನೆನಪಿರಲಿ.

ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಅಭ್ಯಾಸ ಹಾಳೆ ಬೇರೆಯವರ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆಯುತ್ತದೆ. ಯೂನಿಕೋಡಿಗೆ ಬದಲಿಸಿ ಕಳಿಸಿ. ಆಗದಿದ್ದರೆ ಪಿಡಿಎಫ್ ಮಾಡಿ.

"ಹಾಗಾದರೆ ದೀಕ್ಷಾ?" ಎಂಬುದು ಇದರ ಬಾಲಕ್ಕೇ ಬರುವ ಪ್ರಶ್ನೆ. ಪಾಠ, ತರಬೇತಿಗೆಂದು 2017ರಿಂದ ಇರುವ ಸರಕಾರಿ ಆನ್‌ಲೈನ್ ವೇದಿಕೆ ಅದು, 2020ರಿಂದ ನಿಷ್ಠಾ ಎಂಬ ಶಿಕ್ಷಕರ ತರಬೇತಿ ಅದರಲ್ಲೇ ಆನ್‌ಲೈನ್ ನಡೆದಿದೆ. ವಿಷಯದ ತಿಳಿವಳಿಕೆಗೆ ಆಗುತ್ತದೆ. ವೀಡಿಯೋ ಓಡಲು ಬಿಟ್ಟು ಬಿಸಿಯೂಟದ ಲೆಕ್ಕ ಬರೆಯುತ್ತಿದ್ದರೆ ಪ್ರಮಾಣಪತ್ರವೇನೋ ಬಂದೀತು. ನಿಮ್ಮ ತರಗತಿಯ ಆ 134 ಎಲ್ಲಿಂದ ಬಂತು ಎಂದು ಅಲ್ಲಿ ಯಾರನ್ನು ಕೇಳುತ್ತೀರಿ?

ಬಂದ ಸಲಹೆಗಳನ್ನು ಮರುದಿನವೇ ಮಗುವಿನ ಮೇಲೆ ಪ್ರಯೋಗಿಸಿ, ಏನಾಯಿತೆಂದು ಅದೇ ಹಾಳೆಯ ಕೆಳಗೆ ಬರೆಯಿರಿ, ಆಗಲಿಲ್ಲವಾದರೆ ಆಗಲಿಲ್ಲವೆಂದೇ ಬರೆಯಿರಿ. ಹಾಳೆಯ ಮೂಲಪ್ರತಿ ಮಗುವಿನ ಕೃತಿ ಸಂಪುಟಕ್ಕೆ, ಅಂದರೆ ಅದರ ಕೆಲಸಗಳನ್ನು ಕೂಡಿಡುವ ಕಡತಕ್ಕೆ, ವಾಪಸು ಹೋಗಬೇಕು, ಮೇಜಿನ ಖಾನೆಗಲ್ಲ.