ಫಿಲ್ಮ್ ಕ್ಯಾಮೆರಾಗೆ ಕಡಿಮೆ ದುಡ್ಡಿನ ಫ್ಲ್ಯಾಶ್: ಕೌಂಟರ್ ಹಿಂದೆ ನಿಂತು ಕಲಿತದ್ದು

ನಾನು ಕೆಲಸ ಮಾಡುವ ಸ್ಟುಡಿಯೋ ಇರುವುದು ಮೈಸೂರಿನ ದೇವರಾಜ ಅರಸು ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ. ಮುಹೂರ್ತ ಇರುವ ದಿನಗಳಲ್ಲಿ ಮೈಸೂರು, ಮಂಡ್ಯ ಕಡೆಯ ಛತ್ರಗಳಲ್ಲಿ ಫೋಟೋ ಕೆಲಸ, ಉಳಿದ ದಿನ ಕೌಂಟರ್. ಈಚೆಗೆ ಕೌಂಟರ್‌ಗೆ ಬರುವವರಲ್ಲಿ ಕಾಲೇಜು ಹುಡುಗ ಹುಡುಗಿಯರು ಜಾಸ್ತಿ. ತಾತನ ಬೀರುವಿನಲ್ಲಿ ಸಿಕ್ಕ ಕ್ಯಾಮೆರಾ ಹಿಡಿದುಕೊಂಡು ಬಂದು ಮೊದಲು ರೋಲು ಕೇಳುತ್ತಾರೆ. ಅದು ತೊಳೆದು ಬಂದ ಮೇಲೆ, ಮನೆಯೊಳಗೆ ತೆಗೆದದ್ದೆಲ್ಲ ಕತ್ತಲು ಅಂತ ಗೊತ್ತಾದ ಮೇಲೆ, ಫ್ಲ್ಯಾಶ್ ಕೇಳುತ್ತಾರೆ. "ಅಣ್ಣಾ, ಎರಡು ಮೂರು ಸಾವಿರದೊಳಗೆ ಪವರ್ ಜಾಸ್ತಿ ಇರೋದು ಯಾವುದಿದೆ?"

ಪವರ್ ಕೊನೆಗೆ ನೋಡೋಣ, ಮೊದಲು ಕ್ಯಾಮೆರಾ ಇಲ್ಲಿಡಿ ಅನ್ನುತ್ತೇನೆ.

ಡಿಜಿಟಲ್‌ನಲ್ಲಾದರೆ ಹೊಡೆದ ತಕ್ಷಣ ಸ್ಕ್ರೀನ್ ನೋಡಿ ಸರಿ ಮಾಡಿಕೊಳ್ಳಬಹುದು. ಫಿಲ್ಮ್‌ನಲ್ಲಿ ಹಾಗಲ್ಲ. ರೋಲು, ತೊಳೆಸುವುದು, ಸ್ಕ್ಯಾನ್ ಎಲ್ಲ ಸೇರಿ ಈಗ ಸಾವಿರದ ಮೇಲೆ ಬೀಳುತ್ತದೆ, ಸಿಗುವುದು 36 ಫೋಟೋ, ಅದೂ ನಾಲ್ಕಾರು ದಿನ ಕಾದ ಮೇಲೆ. ಹಾಗಾಗಿ ಫ್ಲ್ಯಾಶ್ ಎಷ್ಟು ಬೆಳಕು ಕಕ್ಕುತ್ತದೆ ಅನ್ನುವುದಕ್ಕಿಂತ, ಎಷ್ಟು ಕೊಡುತ್ತದೆ ಅಂತ ನನಗೆ ಮೊದಲೇ ಗೊತ್ತಿರುತ್ತದಾ, ಪ್ರತಿ ಸಲ ಅಷ್ಟೇ ಕೊಡುತ್ತದಾ ಅನ್ನುವುದು ಮುಖ್ಯ. ನಾನು ಆರಿಸಿ ಕೊಡುವುದು ಇದೊಂದರ ಮೇಲೇ.

ಕ್ಯಾಮೆರಾದಲ್ಲಿ ನಾನು ನೋಡುವುದು ಶಟರ್ ಡಯಲ್, ಅಂದರೆ ಫಿಲ್ಮ್ ಮೇಲೆ ಎಷ್ಟು ಹೊತ್ತು ಬೆಳಕು ಬೀಳಬೇಕು ಅಂತ ಇಡುವ ಚಕ್ರ. ಅಲ್ಲಿ ಒಂದು ಅಂಕಿಗೆ ಬೇರೆ ಬಣ್ಣ ಇರುತ್ತದೆ, ಇಲ್ಲವೇ ಪಕ್ಕದಲ್ಲಿ ಎಕ್ಸ್ ಅಥವಾ ಮಿಂಚಿನ ಗುರುತು. ಫ್ಲ್ಯಾಶ್ ಹಾಕಿದಾಗ ಅದಕ್ಕಿಂತ ವೇಗದ ಶಟರ್ ಇಡುವಂತಿಲ್ಲ, ನಿಧಾನ ಆದರೆ ಪರವಾಗಿಲ್ಲ. ಪೆಂಟ್ಯಾಕ್ಸ್ ಕೆ1000ನಲ್ಲಿ ಅದು 1/60 ಸೆಕೆಂಡ್. ನಿಕಾನ್ ಎಫ್‌ಎಂ10ನಲ್ಲಿ 1/125. ಎಫ್‌ಎಂ2 ಆದರೆ 1982ರ ಮೊದಲ ಮಾದರಿಯಲ್ಲಿ 1/200, 1984ರಲ್ಲಿ ಬಂದದ್ದರಲ್ಲಿ 1/250. ಮಂಡ್ಯದಿಂದ ಒಬ್ಬ ಹುಡುಗ ಬಂದಿದ್ದ, ಅಕ್ಕನ ಆರತಕ್ಷತೆಯನ್ನು ಮಾವನ ಕೆ1000ನಲ್ಲಿ ತೆಗೆದಿದ್ದ. ಕೈ ಅಲುಗಿದರೂ ಫೋಟೋ ಅಲುಗದಿರಲಿ ಅಂತ ಶಟರ್ 1/125ಕ್ಕೆ ಇಟ್ಟುಕೊಂಡಿದ್ದನಂತೆ. ಒಂದಾದ ಮೇಲೆ ಒಂದು ಫ್ರೇಮಿನಲ್ಲಿ ಭಾವ ಇದ್ದಾರೆ, ಅಕ್ಕ ಇಲ್ಲ. ಆ ಕ್ಯಾಮೆರಾದ ಬಟ್ಟೆ ಶಟರ್ ಅಡ್ಡಡ್ಡ ಓಡುತ್ತದೆ. 1/125ರಲ್ಲಿ ಇಡೀ ಫ್ರೇಮು ಒಮ್ಮೆಗೇ ತೆರೆದುಕೊಳ್ಳುವುದೇ ಇಲ್ಲ, ಫ್ಲ್ಯಾಶ್ ಹೊಡೆದ ಗಳಿಗೆಯಲ್ಲಿ ತೆರೆದಿದ್ದ ಭಾಗಕ್ಕೆ ಮಾತ್ರ ಬೆಳಕು. ಪಾಪ, ಅವನ ಫ್ಲ್ಯಾಶ್ ದುಬಾರಿಯದೇ, ಅದರ ತಪ್ಪೇನೂ ಇರಲಿಲ್ಲ.

ಆ ದುಬಾರಿ ಫ್ಲ್ಯಾಶ್ ಬಗ್ಗೆಯೂ ಒಂದು ಮಾತು. ಲೆನ್ಸ್ ಮೂಲಕ ಬಂದ ಬೆಳಕನ್ನು ಕ್ಯಾಮೆರಾವೇ ಅಳೆದು ಹತೋಟಿ ಮಾಡುವ ಈಗಿನ ಟಿಟಿಎಲ್ ಫ್ಲ್ಯಾಶ್‌ನ ಅಡಿಯಲ್ಲಿ ನಾಲ್ಕೈದು ಪಿನ್ ಇರುತ್ತವೆ. ಹಳೆಯ ಮೆಕ್ಯಾನಿಕಲ್ ಕ್ಯಾಮೆರಾಗೆ ಗೊತ್ತಿರುವುದು ನಡುವಿನ ಒಂದೇ ಪಿನ್, ಅದು ಹೇಳುವುದು "ಹೊಡಿ" ಅಂತ ಅಷ್ಟೇ. ಉಳಿದ ಪಿನ್‌ಗಳಿಗೆ ಕೊಟ್ಟ ದುಡ್ಡು ದಂಡ. ಕ್ಯಾಮೆರಾ ನಿಕಾನ್ ಎಫ್100 ಥರದ ಆಟೋಫೋಕಸ್ ಕಾಲದ್ದಾದರೆ ಮಾತು ಬೇರೆ, ಅದಕ್ಕೆ ಅದೇ ಕಾಲದ ಎಸ್‌ಬಿ-28 ಸೆಕೆಂಡ್ ಹ್ಯಾಂಡ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ.

ಉಳಿದವರಿಗೆ ದಾರಿ ಎರಡು. ಬೆಳಕು ಎಷ್ಟು ಅಂತ ನಾವೇ ಲೆಕ್ಕ ಹಾಕಿ ಇಡುವ ಪೂರ್ತಿ ಮ್ಯಾನುವಲ್ ಫ್ಲ್ಯಾಶ್, ಇಲ್ಲವೇ ಮುಂದುಗಡೆ ಪುಟ್ಟ ಕಣ್ಣಿರುವ ಆಟೋ ಫ್ಲ್ಯಾಶ್.

ನನಗೆ ಇಷ್ಟ ಆ ಕಣ್ಣಿರುವುದು. ಕ್ಯಾಮೆರಾ ಯಾವ ಕಂಪನಿಯದು ಅನ್ನುವುದು ಅದಕ್ಕೆ ಬೇಕಿಲ್ಲ. ಫ್ಲ್ಯಾಶ್ ಮೇಲೆ ರೋಲು ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಹೇಳುವ ನಂಬರು, ಅಂದರೆ ಐಎಸ್‌ಒ ಇಟ್ಟು, ಅದು ಹೇಳಿದ ಅಪರ್ಚರ್ ಅನ್ನು (ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಳತೆ, ನಂಬರು ಚಿಕ್ಕದಾದಷ್ಟು ತೆರವು ದೊಡ್ಡದು), ಎಫ್ 5.6 ಅಂತಿಟ್ಟುಕೊಳ್ಳಿ, ಲೆನ್ಸ್‌ನಲ್ಲಿ ಇಟ್ಟರೆ ಆಯ್ತು. ಎದುರಿನಿಂದ ವಾಪಸ್ ಬರುವ ಬೆಳಕನ್ನು ಆ ಕಣ್ಣು ಅಳೆದು, ಸಾಕು ಅನ್ನಿಸಿದ ಕೂಡಲೇ ಒಳಗಿನ ಥೈರಿಸ್ಟರ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚು ಫ್ಲ್ಯಾಶ್ ನಿಲ್ಲಿಸುತ್ತದೆ. ಉಳಿದ ಚಾರ್ಜ್ ಒಳಗೇ ಉಳಿಯುವುದರಿಂದ ಮುಂದಿನ ಫೋಟೋಗೆ ಬೇಗ ತಯಾರಾಗುತ್ತದೆ. ಹಳೆಯ ವಿವಿಟಾರ್ 283 ಇದೇ ಜಾತಿಯದು. ಹಳದಿ, ಕೆಂಪು, ನೀಲಿ, ನೇರಳೆ ಅಂತ ನಾಲ್ಕು ಆಟೋ ಗುರುತು, ತಲೆಯನ್ನು ಮೇಲಕ್ಕೆ ಎತ್ತಿದರೂ ಕಣ್ಣು ಮುಂದಕ್ಕೇ ನೋಡುತ್ತಿರುತ್ತದೆ. ಹೊಸದೇ ಬೇಕು ಅನ್ನುವವರಿಗೆ ಗೊಡಾಕ್ಸ್‌ನ ಲಕ್ಸ್ ಜೂನಿಯರ್ ಇದೆ, ಅದರಲ್ಲೂ ಆಟೋ ಇದೆ. ಆದರೆ ಶಕ್ತಿ ಚಿಕ್ಕದು, ಹಾಲ್‌ನಲ್ಲಿ ಕೂತ ನಾಲ್ಕು ಜನರಿಗೆ ಸಾಕು, ಛತ್ರಕ್ಕೆ ಸಾಲದು.

ಆ ಕಣ್ಣು ಮೋಸಹೋಗುವುದೂ ಉಂಟು. ಧಾರೆ ಹೊತ್ತಿನಲ್ಲಿ ಮಂಟಪದ ಸುತ್ತ ನೆಂಟರು ಮುತ್ತಿಕೊಂಡಿರುತ್ತಾರೆ ಅಲ್ವಾ, ನೀವು ಸಂದಿಯಲ್ಲಿ ಕ್ಯಾಮೆರಾ ತೂರಿಸಿರುತ್ತೀರಿ. ಅಷ್ಟರಲ್ಲಿ ಅಕ್ಷತೆ ಹಾಕಲು ಯಾರೋ ದೊಡ್ಡಪ್ಪ ಬಿಳಿ ಶರಟಿನ ತೋಳು ಚಾಚುತ್ತಾರೆ, ಅದು ಫ್ಲ್ಯಾಶ್‌ಗೆ ಒಂದು ಮಾರು ದೂರದಲ್ಲೂ ಇಲ್ಲ. ಕಣ್ಣು ಆ ತೋಳನ್ನು ನೋಡಿ ಬೆಳಕು ಸಾಕು ಅಂದುಕೊಂಡು ನಿಲ್ಲಿಸುತ್ತದೆ. ತೋಳು ಬೆಳ್ಳಗೆ ಹೊಳೆಯುತ್ತದೆ, ಹಿಂದೆ ಮದುಮಕ್ಕಳು ಮಬ್ಬು. ಮೈಸೂರು ಸಿಲ್ಕ್ ಸೀರೆಯ ಜರಿ ನೇರ ಎದುರಿಗೆ ಬಂದರೂ ಹೀಗೇ ಆಗುತ್ತದೆ. ಆರತಕ್ಷತೆಯಲ್ಲಿ ಗಂಡು ಕಪ್ಪು ಸೂಟ್ ಹಾಕಿದ್ದರೆ ಉಲ್ಟಾ, ಬೆಳಕು ಸಾಲದು ಅಂತ ಜಾಸ್ತಿ ಸುರಿದು ಮುಖ ಬಿಳಿಚಿಕೊಳ್ಳುತ್ತದೆ. ಕಲರ್ ನೆಗೆಟಿವ್ ಬೆಳಕು ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ಮಾತ್ರ ಕಷ್ಟ. ಅದಕ್ಕೇ ಧಾರೆಗೆ ನಾನು ಲೆನ್ಸನ್ನು ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವ ಒಂದು ಮೆಟ್ಟಿಲು, ಜಾಸ್ತಿ ತೆರೆದಿಡುತ್ತೇನೆ, ಫ್ಲ್ಯಾಶ್ 5.6 ಅಂದರೆ ಲೆನ್ಸ್ 4ರಲ್ಲಿ.

ಮ್ಯಾನುವಲ್ ತಗೊಳ್ಳುವವರಿಗೆ ಗೈಡ್ ನಂಬರ್, ಅಂದರೆ ಫ್ಲ್ಯಾಶ್‌ನ ಶಕ್ತಿ ಹೇಳುವ ನಂಬರಿನ ಲೆಕ್ಕ ಬರಬೇಕು. ಕಷ್ಟ ಏನಿಲ್ಲ. ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ. ಐಎಸ್‌ಒ 100ಕ್ಕೆ 32 ಅಂದರೆ 4 ಮೀಟರಿಗೆ ಎಫ್ 8. ರೋಲು 400ರದ್ದಾದರೆ ನಂಬರು ಎರಡರಷ್ಟು, ಅಂದರೆ 64, ಅದೇ 4 ಮೀಟರಿಗೆ ಎಫ್ 16. ಇಲ್ಲೇ ನೋಡಿ ಪವರ್ ವಿಷಯ ಬರುವುದು. ಮನೆ ಹಾಲ್‌ನಲ್ಲಿ 2 ಮೀಟರ್ ದೂರದಿಂದ ಹೊಡೆದರೆ ಎಫ್ 32 ಬೇಕಾಗುತ್ತದೆ, ಹೆಚ್ಚಿನ ಲೆನ್ಸ್‌ಗಳಲ್ಲಿ ಅದು ಇರುವುದೇ ಇಲ್ಲ. ಪವರ್ ಇಳಿಸಲು ಬರದ ಫ್ಲ್ಯಾಶ್ ಮನೆಯೊಳಗೆ ತಲೆನೋವು. 1/4 ಪವರ್‌ಗೆ ಇಳಿಸಿದರೆ ಗೈಡ್ ನಂಬರ್ ಅರ್ಧ ಆಗುತ್ತದೆ, ಆಗ 4 ಮೀಟರಿಗೆ ಎಫ್ 8, 2 ಮೀಟರಿಗೆ ಎಫ್ 16. ಗೊಡಾಕ್ಸ್ ಟಿಟಿ520, ಯಾಂಗ್‌ನುವೊ 560 ಥರದವು ಇದಕ್ಕೆ ಸಾಕು. ತಗೊಂಡವರಿಗೆ ನಾನು ಒಂದು ತುಂಡು ಬಿಳಿ ಟೇಪ್ ಕೊಡುತ್ತೇನೆ, ಫ್ಲ್ಯಾಶ್ ಬೆನ್ನಿಗೆ ಅಂಟಿಸಿ, ತಾವು ಹಾಕುವ ರೋಲಿಗೆ 1, 2, 3, 4 ಮೀಟರಿನ ಅಪರ್ಚರ್ ಬರೆದುಕೊಳ್ಳಲಿ ಅಂತ.

ಡಬ್ಬಿ ಮೇಲಿನ ನಂಬರನ್ನು ಹಾಗೇ ನಂಬಬೇಡಿ. ಯಾಂಗ್‌ನುವೊ 560-4ರ ಮೇಲೆ 58 ಅಂತಿದೆ, ಅದು ತಲೆಯನ್ನು 105 ಮಿ.ಮೀ.ಗೆ ಜೂಮ್ ಮಾಡಿದಾಗಿನ ಲೆಕ್ಕ. 35 ಮಿ.ಮೀ. ಲೆನ್ಸ್‌ಗೆ ಬೆಳಕು ಅಗಲವಾಗಿ ಹರಡಬೇಕು, ಆಗ ನಂಬರು ಬಹಳ ಇಳಿಯುತ್ತದೆ. ವಿವಿಟಾರ್ 283ಕ್ಕೆ ಹೇಳುವ 120 ಅಡಿ ಲೆಕ್ಕದ್ದು, ಮೀಟರಿನಲ್ಲಿ 36ರ ಆಸುಪಾಸು. ಅದೇ 120 ನೋಡಿ, "ಸರ್, ಇದು ಅದಕ್ಕಿಂತ ಡಬ್ಬಲ್ ಪವರ್" ಅಂತ ವಾದ ಮಾಡಿದವರೂ ಇದ್ದಾರೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ನಿಮ್ಮದೇ ಹೊಸ ಸೆಲ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಮೊದಲು ಸೆಲ್ ಹಾಕುವ ಜಾಗ ತೆರೆದು ನೋಡಿ, ಹಸಿರು ಬಿಳಿ ಕಿಟ್ಟ ಕಟ್ಟಿದ್ದರೆ ಬೆಲೆ ಇಳಿಸಿ, ಇಲ್ಲ ಬಿಟ್ಟುಬಿಡಿ. ಆನ್ ಮಾಡಿದರೆ ಸಣ್ಣಗೆ ಕುಯ್ಯ್ ಅನ್ನುತ್ತಾ ಚಾರ್ಜ್ ಆಗಿ, ರೆಡಿ ದೀಪ ಹತ್ತಬೇಕು. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಫ್ಲ್ಯಾಶ್ ಆದರೆ ಮೊದಲನೇ ಸಲ ಬಹಳ ಹೊತ್ತು ಹಿಡಿಯುತ್ತದೆ. ಚಾರ್ಜ್ ಹಿಡಿದಿಡುವ ಕೆಪಾಸಿಟರ್‌ಗೆ ಮತ್ತೆ ಅಭ್ಯಾಸ ಆಗಬೇಕು, ಸ್ವಲ್ಪ ಹೊತ್ತು ಆನ್ ಇಟ್ಟು ಆಗಾಗ ಹೊಡೆಯುತ್ತಿದ್ದರೆ ಸುಧಾರಿಸುತ್ತದೆ. ಸುಧಾರಿಸಲಿಲ್ಲವೋ, ವಾಪಸ್ ಕೊಡಿ.

ಆಟೋ ಕಣ್ಣು ಬದುಕಿದೆಯಾ ಅಂತ ನೋಡುವುದು ಸುಲಭ. ಆಟೋದಲ್ಲಿಟ್ಟು, ಕಣ್ಣಿನ ಮುಂದೆ ಒಂದಡಿ ದೂರಕ್ಕೆ ಬಿಳಿ ಹಾಳೆ ಹಿಡಿದು ಹೊಡೆಯಿರಿ. ರೆಡಿ ದೀಪ ತಕ್ಷಣ ಹತ್ತಬೇಕು. ಈಗ ಕಣ್ಣನ್ನು ಬೆರಳಿನಿಂದ ಮುಚ್ಚಿ ಹೊಡೆಯಿರಿ. ಪೂರ್ತಿ ಬೆಳಕು ಬಂದು, ದೀಪ ಹತ್ತಲು ಕೆಲವು ಸೆಕೆಂಡ್ ಬೇಕಾಗಬೇಕು. ಎರಡು ಸಲವೂ ಒಂದೇ ಥರ ಆದರೆ ಕಣ್ಣು ಹೋಗಿದೆ ಅಂತ. 283ರಲ್ಲಿ ಕಣ್ಣು ಹೋದರೆ ಉಳಿಯುವುದು ಫುಲ್ ಪವರ್ ಒಂದೇ, ಆಮೇಲೆ ಮೇಲೆ ಹೇಳಿದ ಹಾಲ್ ತಲೆನೋವು.

ಇನ್ನೊಂದು ಕೆಲಸ, ಮಲ್ಟಿಮೀಟರ್ ಹಿಡಿಯುವುದು. ಚಾರ್ಜ್ ಆದ ಫ್ಲ್ಯಾಶ್‌ನ ನಡುವಿನ ಪಿನ್ನಿಗೂ ಪಕ್ಕದ ಲೋಹಕ್ಕೂ ಎಷ್ಟು ವೋಲ್ಟ್ ಇದೆ ನೋಡಿ. ಹಳೆಯ ಜಪಾನ್ 283ಗಳಲ್ಲಿ 200 ದಾಟುವುದುಂಟು. ಕೆ1000ನಂಥ ಮೆಕ್ಯಾನಿಕಲ್ ಕ್ಯಾಮೆರಾ ಅದಕ್ಕೆ ಜಗ್ಗುವುದಿಲ್ಲ. ಆದರೆ ಇವತ್ತಲ್ಲ ನಾಳೆ ನೀವೋ ನಿಮ್ಮ ಗೆಳೆಯನೋ ಅದನ್ನೇ ಡಿಜಿಟಲ್ ಕ್ಯಾಮೆರಾಗೆ ಏರಿಸಿ ನೋಡುತ್ತೀರಿ, ಆಗ ಒಳಗಿನ ಸರ್ಕ್ಯೂಟ್ ಸುಡಬಹುದು. ಅಂಥವುಗಳ ಮೇಲೆ ನಾನು ಕೆಂಪು ಸ್ಟಿಕ್ಕರ್ ಹಾಕಿಯೇ ಮಾರುವುದು. ರಿಪೇರಿ ಅಂತ ಮನೆಯಲ್ಲಿ ಬಿಚ್ಚಲು ಹೋಗಬೇಡಿ, ಸೆಲ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಕೂತಿರುತ್ತದೆ.

ಸೆಲ್ ವಿಷಯದಲ್ಲಿ ಜಿಪುಣತನ ಬೇಡ. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಹಾಕಿದರೆ ನಾಲ್ಕು ಫೋಟೋಗೇ ದೀಪ ಹತ್ತುವುದನ್ನು ಕಾಯುತ್ತಾ ನಿಲ್ಲಬೇಕು, ಅಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತದೆ. ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಎರಡು ಸೆಟ್ ಇಟ್ಟುಕೊಳ್ಳಿ.

ಸೀಲಿಂಗ್‌ಗೆ ಹೊಡೆದು ಬೆಳಕು ಮೃದು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಹೊಸ ಮನೆಗಳ ಬಿಳಿ ತಾರಸಿಗೆ ಚೆನ್ನ. ಮೈಸೂರಿನ ಹಳೆಯ ಮನೆಗಳ ಮರದ ತೊಲೆಯ ಎತ್ತರದ ಮಾಳಿಗೆಗೆ ಹೊಡೆದರೆ ಬೆಳಕು ಅಲ್ಲೇ ಉಳಿದುಬಿಡುತ್ತದೆ. ಮಂಡ್ಯದ ಹಳ್ಳಿ ಮದುವೆಯಲ್ಲಿ ಮೇಲೆ ಹಸಿ ತೆಂಗಿನ ಗರಿ ಚಪ್ಪರ ಇದ್ದರೆ ಮುಖವೆಲ್ಲ ಹಸಿರು, ಬಣ್ಣದ ಶಾಮಿಯಾನ ಇದ್ದರೆ ಅದರ ಬಣ್ಣ. ಅಲ್ಲೆಲ್ಲ ನೇರವಾಗಿ ಹೊಡೆಯಿರಿ, ನೆರಳು ಬಿದ್ದರೆ ಬೀಳಲಿ.

ಕೊನೆಗೆ, ಅಂಗಡಿ ಬಿಡುವ ಮೊದಲು ರೋಲು ಇಲ್ಲದೆ ಒಂದು ಪರೀಕ್ಷೆ ಮಾಡಿಸಿ. ಕ್ಯಾಮೆರಾದ ಹಿಂಬಾಗಿಲು ತೆರೆದು, ಲೆನ್ಸ್ ಪೂರ್ತಿ ತೆರೆದಿಟ್ಟು, ಬಿಳಿ ಗೋಡೆ ಕಡೆ ಹಿಡಿದು, ಹಿಂದಿನಿಂದ ನೋಡುತ್ತಾ ಫ್ಲ್ಯಾಶ್ ಹೊಡೆಯಿರಿ. ಇಡೀ ಚೌಕ ಬೆಳಗಿದರೆ ಸಿಂಕ್, ಅಂದರೆ ಶಟರ್‌ಗೂ ಫ್ಲ್ಯಾಶ್‌ಗೂ ಹೊಂದಾಣಿಕೆ, ಸರಿ ಇದೆ. ಒಂದು ಪಕ್ಕ ಕತ್ತಲು ಕಂಡರೆ ಶಟರ್ ಒಂದು ಮೆಟ್ಟಿಲು ಇಳಿಸಿ ಮತ್ತೆ ನೋಡಿ. ಹಳೆಯ ಕ್ಯಾಮೆರಾಗಳಲ್ಲಿ ಎಂ, ಎಕ್ಸ್ ಅಂತ ಪುಟ್ಟ ಸ್ವಿಚ್ಚು ಅಥವಾ ಫ್ಲ್ಯಾಶ್ ವೈರ್ ಸಿಕ್ಕಿಸುವ ಎರಡು ತೂತು ಇದ್ದರೆ ಎಕ್ಸ್ ಕಡೆಯೇ ಇರಬೇಕು. ಎಂ ಇರುವುದು ಹಿಂದಿನ ಕಾಲದ ಬಲ್ಬ್ ಫ್ಲ್ಯಾಶ್‌ಗೆ. ಅದರಲ್ಲಿಟ್ಟರೆ ಶಟರ್ ತೆರೆಯುವ ಮೊದಲೇ ಬೆಳಕು ಬಂದು ಹೋಗಿರುತ್ತದೆ, ಹಿಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಎರಡು ನಿಮಿಷದ ಕೆಲಸ. ನಮ್ಮ ಕೌಂಟರ್‌ನಲ್ಲಿ ಇದಕ್ಕೆ ದುಡ್ಡು ತಗೊಳ್ಳುವುದಿಲ್ಲ, ಫ್ಲ್ಯಾಶ್ ಬೇರೆ ಕಡೆ ಕೊಂಡಿದ್ದರೂ ಸರಿ.