ಒಂದೂವರೆ ಸ್ಕ್ವೇರ್ ಸಾಕು ಭಾವ

ಕಾಸರಗೋಡಿನ ಬದಿಯಡ್ಕ ಕಡೆಯ ಹಳೇ ಮನೆಗಳಲ್ಲಿ ತಾಳಮದ್ದಳೆ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ ಕ್ಯಾಸೆಟ್ ತುಂಬಿದ ಒಂದು ಪೆಟ್ಟಿಗೆ ಸಿಕ್ಕರೆ ಆಶ್ಚರ್ಯ ಇಲ್ಲ. ನಮ್ಮಲ್ಲೂ ಉಂಟು. ಅದರಲ್ಲಿ ಜಾಸ್ತಿ ಇರುವುದು ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ, ಪಾತ್ರವಾಗಿ ಆಡಿದ ಮಾತು. ಇಷ್ಟು ಕಾಲ ಅದನ್ನೆಲ್ಲ ಟೇಪ್ ರೆಕಾರ್ಡರಿನ ಅಂಗೈಯಗಲದ ಸ್ಪೀಕರಿನಲ್ಲೇ ಕೇಳುತ್ತಿದ್ದೆವು. ಈ ಸಲ ಮಗ ಬೆಂಗಳೂರಿನಿಂದ ಹಳೇ ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ಜೋಡಿ ಸ್ಪೀಕರ್ ತಂದುಕೊಟ್ಟ. ವಯರ್ ತರಲಿಲ್ಲ. "ಅದು ಮನೆಯ ಅಳತೆ ನೋಡಿ ತೆಗೆಯುವಂಥದ್ದು ಅಪ್ಪ" ಅಂದ.

ಅಳೆದೆ. ಸುಮ್ನೆ ಕಣ್ಣಳತೆಯಲ್ಲಿ ಅಲ್ಲ, ಗೋಡೆಗುಂಟ ಹಗ್ಗ ಹಿಡಿದು. ಎಡಗಡೆ ಸ್ಪೀಕರಿಗೆ 3 ಮೀಟರ್ ಸಾಕು. ಬಲಗಡೆಯದ್ದು ಹತ್ತಿರವೇ ಕಾಣುತ್ತದೆ, ಆದರೆ ನಡುವೆ ಜಗಲಿಯ ಬಾಗಿಲು. ವಯರ್ ಬಾಗಿಲ ಮೇಲಿಂದ ಸುತ್ತಿ ಬರಬೇಕು, 9 ಮೀಟರ್. ಅಟ್ಟದ ಮೇಲಿಂದ ಎಳೆದರೆ ಕಾಣುವುದಿಲ್ಲ ಅಂತ ಮನೆಯವಳ ಸಲಹೆ. ಅಟ್ಟದಲ್ಲಿ ಅಡಿಕೆಗಿಂತ ಇಲಿ ಜಾಸ್ತಿ. ಬೇಡ ಅಂದೆ.

ಭಾವನನ್ನು ಕೂರಿಸಿಕೊಂಡು ಕಾಸರಗೋಡಿಗೆ ಹೋದೆ. ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿ. ಅಂಗಡಿಯವನು ಮೊದಲು ತೆಗೆದು ಇಟ್ಟದ್ದು ಗಾಜಿನ ಕಪಾಟಿನಲ್ಲಿದ್ದ ಡಬ್ಬಿ. ಹಾವಿನಷ್ಟು ದಪ್ಪದ ವಯರ್, ಮೇಲೆ ಹೆಣೆದ ಬಟ್ಟೆಯ ಕವಚ, ತುದಿಯಲ್ಲಿ ಚಿನ್ನದ ಬಣ್ಣದ ಪಿನ್ನು. ರೇಟು ಕೇಳಿ ಭಾವ ನನ್ನ ಮುಖ ನೋಡಿದರು.

"ಭಾವ, ಇದು ಹಾಕಿದರೆ ಶೇಣಿಯವರ ಸ್ವರ ಇನ್ನೂ ಲಾಯ್ಕ ಆಗ್ತದಾ?"

"ಕ್ಯಾಸೆಟ್ಟಿನಲ್ಲಿ ಇಲ್ಲದ್ದು ವಯರಿನಿಂದ ಬರುವುದಿಲ್ಲ ಭಾವ" ಅಂದೆ.

"ಹಾಗಾದ್ರೆ ಇದಕ್ಕೆಂತ ಅಷ್ಟು ಕ್ರಯ?"

ಅಂಗಡಿಯವನು ನಕ್ಕ. "ಕೊಂಡು ಹೋಗುವವರು ಉಂಟು ಮಾಷೇ" ಅಂದ. ಅದೂ ಸರಿಯೇ.

ಸ್ಪೀಕರ್ ವಯರಿನಲ್ಲಿ ನೋಡಬೇಕಾದದ್ದು ಉದ್ದ ಮತ್ತು ದಪ್ಪ. ತೋಟದ ಸ್ಪ್ರಿಂಕ್ಲರಿಗೆ ಉದ್ದಕ್ಕೆ ಸಪೂರ ಪೈಪು ಎಳೆದರೆ ಕೊನೆಯಲ್ಲಿ ನೀರಿನ ರಭಸ ಇರುವುದಿಲ್ಲವಲ್ಲ, ಹಾಗೆಯೇ. ಕರೆಂಟು ವಯರಿನ ಒಂದೆಳೆಯಲ್ಲಿ ಸ್ಪೀಕರಿಗೆ ಹೋಗಿ ಇನ್ನೊಂದರಲ್ಲಿ ವಾಪಸ್ ಬರಬೇಕು, ಹಾಗಾಗಿ 9 ಮೀಟರ್ ಅಂದರೆ ತಾಮ್ರದ ಲೆಕ್ಕದಲ್ಲಿ 18 ಮೀಟರ್. ವಯರಿನ ದಪ್ಪದ ಅಳತೆ ಸ್ಕ್ವೇರ್ ಎಂಎಂ, ಅಂಗಡಿಯಲ್ಲಿ ಬರೀ ಸ್ಕ್ವೇರ್. 0.75 ಸ್ಕ್ವೇರ್ ಎಂಎಂ ವಯರ್ ಆದರೆ ಅಷ್ಟುದ್ದಕ್ಕೆ 0.4 ಓಮಿಗಿಂತ ಸ್ವಲ್ಪ ಮೇಲೆ ತಡೆ. ನಮ್ಮದು 8 ಓಮಿನ ಸ್ಪೀಕರ್. ವಯರಿನ ತಡೆ ಸ್ಪೀಕರಿನದ್ದರ ನೂರಕ್ಕೆ ಐದು ದಾಟಬಾರದು ಅನ್ನುವುದು ಬಳಕೆಯ ಲೆಕ್ಕ, ಅಂದರೆ 0.4. ಸಪೂರ ವಯರ್ ಅಲ್ಲಿಗೇ ಫೇಲು. ಒಂದೂವರೆ ಸ್ಕ್ವೇರ್ ತೆಗೆದರೆ ತಡೆ ಅರ್ಧಕ್ಕೆ ಇಳಿಯುತ್ತದೆ.

"ಎರಡೂವರೆ ತೆಗೆಯುವ, ಗಟ್ಟಿಯಲ್ವಾ?" ಅಂತ ಭಾವನ ವಾದ. ಗಟ್ಟಿ ಹೌದು. ಆದರೆ ನಮ್ಮ ಆಂಪ್ಲಿಫೈಯರಿನ ಹಿಂದೆ ಇರುವುದು ಸ್ಪ್ರಿಂಗ್ ಕ್ಲಿಪ್ಪು. ಒತ್ತಿ ಹಿಡಿದು ತೂತಿಗೆ ವಯರ್ ತೂರಿಸುವಂಥದ್ದು. ಆ ತೂತಿಗೆ ಎರಡೂವರೆ ಹೋಗುವುದಿಲ್ಲ. ನಾಲ್ಕೆಳೆ ಹೊರಗೆ ಉಳಿದು ಪಕ್ಕದ ಕ್ಲಿಪ್ಪಿಗೆ ತಾಗಿದರೆ ಶಾರ್ಟ್ ಆಗಿ ಆಂಪ್ಲಿಫೈಯರಿಗೇ ಪೆಟ್ಟು. "ಒಂದೂವರೆ ಸ್ಕ್ವೇರ್ ಸಾಕು ಭಾವ" ಅಂದೆ.

ಈಗ ಅಂಗಡಿಯವನು ಎರಡು ಸುರುಳಿ ತಂದ. ಎರಡೂ ಪಾರದರ್ಶಕ, ಎರಡರಲ್ಲೂ ಒಂದು ಅಂಚಿಗೆ ಕೆಂಪು ಗೆರೆ, ಒಳಗೆ ಒಂದೇ ಬಣ್ಣದ ಎಳೆಗಳು. ಒಂದರ ರೇಟು ಇನ್ನೊಂದರ ಅರ್ಧ. ಎರಡನ್ನೂ ಎರಡು ಕೈಯಲ್ಲಿ ಎತ್ತಿ ನೋಡಿದೆ. ಅಗ್ಗದ ಸುರುಳಿ ಹತ್ತಿಯ ಹಾಗೆ ಮೇಲೆ ಬಂತು. ತುದಿಯಿಂದ ಒಂದೆಳೆ ಬಿಡಿಸಿ ಬ್ಲೇಡಿನಲ್ಲಿ ಕೆರೆಯಲು ಹೇಳಿದೆ. ಕೆಂಪು ಹೋಗಿ ಬೆಳ್ಳಗೆ ಮಿಂಚಿತು. ಅಲ್ಯೂಮಿನಿಯಂ, ಮೇಲಿಂದ ತಾಮ್ರದ ತೆಳ್ಳಗಿನ ಪದರ. ಇನ್ನೊಂದರ ಎಳೆಯನ್ನು ಎಷ್ಟು ಕೆರೆದರೂ ಕೆಂಪೇ. ಅಂಗಡಿಯವನೇನೂ ಮುಚ್ಚಿಡಲಿಲ್ಲ. "ಅದು ಕೋಟಿಂಗಿನ ಮಾಲು, ಅದಕ್ಕೇ ಅಗ್ಗ" ಅಂದ. ಅಂಥ ವಯರಿನ ತಡೆ ತಾಮ್ರದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು. ಹತ್ತಿರದ ಸ್ಪೀಕರಿಗಾದರೆ ನಡೆದೀತು. ಆದರೆ ಬಗ್ಗಿಸಿ ಬಗ್ಗಿಸಿ ತುದಿ ತುಂಡಾಗುವುದು, ಮಳೆಗಾಲದ ಪಸೆಗೆ ತುದಿ ಕೆಡುವುದು, ಇದೆಲ್ಲ ಬೇರೆ ತಲೆನೋವು. ತಾಮ್ರದ್ದನ್ನೇ ಕತ್ತರಿಸಿ ಕೊಡಲು ಹೇಳಿದೆ.

ಡೆಕ್ಕಿನಿಂದ ಆಂಪ್ಲಿಫೈಯರಿಗೆ ಕೆಂಪು-ಬಿಳಿ ಪಿನ್ನಿನ ಕೇಬಲ್. ವಿಸಿಆರ್ ಕಾಲದಿಂದ ನಮ್ಮಲ್ಲಿ ಇದು ಎವಿ ಪಿನ್ನು. ಇದರಲ್ಲಿ ಹೋಗುವುದು ಅರ್ಧ ವೋಲ್ಟಿನ ಆಸುಪಾಸಿನ ಸಿಗ್ನಲ್, ಹಾಗಾಗಿ ಇಲ್ಲಿ ದಪ್ಪಕ್ಕಿಂತ ಒಳಗಿನ ಜಾಲರಿ ಮುಖ್ಯ. ನಡುವಿನ ತಂತಿಯ ಸುತ್ತ ತಾಮ್ರದ ಜಾಲರಿ ಒತ್ತಾಗಿ ಇದ್ದರೆ ಹೊರಗಿನ ಗಲಾಟೆ ಒಳಗೆ ನುಗ್ಗುವುದಿಲ್ಲ. ಚಿನ್ನದ ಲೇಪ ಇರುವ ಪಿನ್ನನ್ನೇ ತೆಗೆದೆ. ಸ್ವರ ಚಂದ ಆಗಲಿ ಅಂತಲ್ಲ, ನಮ್ಮ ಹವೆಗೆ ಬೇರೆ ಲೋಹದ ಪಿನ್ನು ಮಂಕಾಗುತ್ತದೆ, ಚಿನ್ನ ಆಗುವುದಿಲ್ಲ. ಸಾಧಾರಣ ಬೆಲೆಯ ಕೇಬಲಿನಲ್ಲೂ ಅದು ಸಿಗುತ್ತದೆ. ಉದ್ದ ಒಂದು ಮೀಟರ್ ಸಾಕು. ಮೂರು ಮೀಟರಿನದ್ದು ತಂದು ಹಿಂದೆ ಸುತ್ತಿ ಇಡುವುದು ಯಾಕೆ?

ಮನೆಗೆ ಬಂದು ಹಾಕಿದೆವು. ಕೆಂಪು ಗೆರೆಯದ್ದು ಎರಡು ಕಡೆಯೂ ಪ್ಲಸ್ಸಿಗೆ. ಭಾವನಿಗೆ ಇದರ ಮೇಲೆ ನಂಬಿಕೆ ಇಲ್ಲ. "ಅದಲು ಬದಲು ಆದರೆ ಎಂತ ಆಗ್ತದೆ?" ಕೇಳಿಯೇ ನೋಡಿ ಅಂತ ಬೇಕೆಂದೇ ಒಂದು ಸ್ಪೀಕರಿನದ್ದನ್ನು ತಿರುಗಿಸಿ ಹಾಕಿದೆ. ಹಳೇ ಕ್ಯಾಸೆಟ್, ಒಂದೇ ಮೈಕಿನ ರೆಕಾರ್ಡಿಂಗ್. ಸರಿ ಇದ್ದಾಗ ಭಾಗವತರು ಎರಡು ಸ್ಪೀಕರಿನ ಸರೀ ನಡುವೆ ಕೂತ ಹಾಗಿತ್ತು. ತಿರುಗಿಸಿದ್ದೇ ತಡ, ಪದ ಎಲ್ಲಿಂದ ಬರುತ್ತದೆ ಅಂತಲೇ ಗೊತ್ತಾಗುವುದಿಲ್ಲ. ಮದ್ದಳೆಯ ಗುಮ್ಮು ಪೂರಾ ಮಾಯ, ಬರೀ ಚಟಪಟ. ಒಂದು ಸ್ಪೀಕರಿನ ಪರದೆ ಮುಂದೆ ಹೋಗುವಾಗ ಇನ್ನೊಂದರದ್ದು ಹಿಂದೆ ಹೋಗುತ್ತದೆ, ದಪ್ಪ ಸ್ವರ ಒಂದನ್ನೊಂದು ತಿಂದು ಹಾಕುತ್ತದೆ. "ಹ್ಞಾ, ಮೊದಲಿನ ಹಾಗೆ ಮಾಡಿ" ಅಂದರು ಭಾವ. ಸಾವಿರಗಟ್ಟಲೆಯ ವಯರ್ ಹಾಕಿ ಇದೊಂದನ್ನು ತಪ್ಪಿದರೆ ದುಡ್ಡು ನೀರಿಗೆ.

ಇಷ್ಟರವರೆಗೆ ಸಲೀಸು. ಟಿವಿಯ ಸ್ವರವೂ ಇದರಲ್ಲೇ ಬರಲಿ ಅಂತ ಅದರ ಕೆಂಪು-ಬಿಳಿ ಪಿನ್ನನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದಾಗ ಗುಂಯ್ ಅಂತ ಶುರುವಾಯಿತು. ಡೆಕ್ ಹಾಕಿದರೂ ಅದೇ, ವಾಲ್ಯೂಮ್ ಇಳಿಸಿದರೂ ಪೂರಾ ಹೋಗುವುದಿಲ್ಲ. ಭಾವ ಆ ಗಾಜಿನ ಕಪಾಟಿನ ವಯರನ್ನು ನೆನಪು ಮಾಡಿದರು. ನಾನು ಒಂದೊಂದೇ ಕಳಚುತ್ತ ಹೋದೆ. ಸೆಟ್ ಟಾಪ್ ಬಾಕ್ಸಿನ ಹಿಂದೆ ಕೇಬಲ್ ಟಿವಿಯವರ ದಪ್ಪ ಕಪ್ಪು ವಯರ್ ಉಂಟಲ್ಲ, ಅದನ್ನು ತಿರುಪಿ ತೆಗೆದದ್ದೇ ಗುಂಯ್ ನಿಂತಿತು. ನಮ್ಮ ಆಂಪ್ಲಿಫೈಯರಿನದ್ದು ಮೂರು ಪಿನ್ನಿನ ಪ್ಲಗ್, ಅರ್ಥಿಂಗ್ ಮನೆಯದ್ದು. ಕೇಬಲ್ ಟಿವಿ ವಯರಿನ ಜಾಲರಿಗೆ ಅರ್ಥಿಂಗ್ ಸಿಗುವುದು ಇನ್ನೆಲ್ಲೋ. ಎರಡು ಅರ್ಥಿಂಗಿನ ನಡುವೆ ಇರುವ ಸಣ್ಣ ವೋಲ್ಟೇಜಿನ ವ್ಯತ್ಯಾಸಕ್ಕೆ ನಮ್ಮ ಎವಿ ಕೇಬಲಿನ ಜಾಲರಿಯೇ ದಾರಿ ಆಗುತ್ತದೆ. ಅದರಲ್ಲಿ ಲೈನಿನ 50 ಹರ್ಟ್ಸ್ ಹರಿದರೆ ಸ್ಪೀಕರ್ ಗುಂಯ್ ಅನ್ನದೆ ಇನ್ನೇನು ಮಾಡೀತು? ಎಷ್ಟು ದುಬಾರಿ ಕೇಬಲ್ ಹಾಕಿದರೂ ಆ ದಾರಿ ಹಾಗೇ ಇರುತ್ತದೆ. ಕೆಲವರು ಪ್ಲಗ್ಗಿನ ಅರ್ಥ್ ಪಿನ್ನನ್ನೇ ತೆಗೆದು ಬಿಡುತ್ತಾರೆ. ಗುಂಯ್ ಹೋದೀತು, ಒಂದು ದಿನ ಶಾಕ್ ಹೊಡೆದರೆ ಮನುಷ್ಯನೂ ಹೋದಾನು.

ತಂತಿಯ ಸಂಬಂಧವೇ ಬೇಡ ಅಂತ ಆಪ್ಟಿಕಲ್ ಕೇಬಲ್ ತಂದೆ. 1983ರಲ್ಲಿ ತೋಷಿಬಾದವರು ತಂದ ಟಾಸ್‌ಲಿಂಕ್. ಇದರಲ್ಲಿ ಹೋಗುವುದು ಬೆಳಕು, ಟಿವಿಗೆ ಸಿಕ್ಕಿಸಿದರೆ ಇನ್ನೊಂದು ತುದಿಯಲ್ಲಿ ಕೆಂಪಗೆ ಕಾಣುತ್ತದೆ. ಹಳೇ ಆಂಪ್ಲಿಫೈಯರಿಗೆ ಅದು ಅರ್ಥ ಆಗುವುದಿಲ್ಲ, ನಡುವೆ ಬೆಂಕಿಪೊಟ್ಟಣದಷ್ಟು ಒಂದು ಡಿಎಸಿ ಡಬ್ಬಿ ಬೇಕು, ಡಿಜಿಟಲ್ ಸಿಗ್ನಲನ್ನು ಮಾಮೂಲಿ ಆಡಿಯೊ ಸಿಗ್ನಲ್ ಮಾಡಿ ಕೊಡುವಂಥದ್ದು. ಟಿವಿಯ ಸೆಟ್ಟಿಂಗಿನಲ್ಲಿ ಆಡಿಯೊವನ್ನು ಪಿಸಿಎಂ ಅನ್ನುವ ಸಾದಾ ಡಿಜಿಟಲ್ ರೂಪಕ್ಕೆ ಇಟ್ಟರೆ ಮಾತ್ರ ಆ ಡಬ್ಬಿಯಿಂದ ಸ್ವರ ಬರುತ್ತದೆ, ಕುಗ್ಗಿಸಿ ಕಳಿಸುವ ಡಾಲ್ಬಿಯಲ್ಲಿ ಇದ್ದರೆ ಮೌನ. ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಅದನ್ನು ಬರೆದಿರಲಿಲ್ಲ. ಮಗನಿಗೆ ಫೋನ್ ಮಾಡಿ ತಿಳಿದದ್ದು. ಈಗ ಗುಂಯ್ ಇಲ್ಲ.

ನವರಾತ್ರಿ ಕಳೆದ ಮೇಲೆ ಸಂಜೆಯ ಗುಡುಗು-ಸಿಡಿಲು ಬೇರೆ ಉಂಟು. ಮೋಡ ಕಪ್ಪಾದರೆ ಪ್ಲಗ್ ಕಿತ್ತಿಡುವುದು, ಕೇಬಲ್ ಟಿವಿಯ ವಯರನ್ನೂ ಕಳಚುವುದು ನಮ್ಮಲ್ಲಿ ಮೊದಲಿನಿಂದ ರೂಢಿ. ಅದಕ್ಕೇ ಎಲ್ಲ ಪ್ಲಗ್ಗುಗಳನ್ನೂ ಒಂದೇ ಬೋರ್ಡಿಗೆ ತಂದೆ, ಕೈಗೆ ಎಟಕುವ ಕಡೆ. ಭಾವನಿಗೂ ಈಗ ಅವರ ಮನೆಗೆ ಒಂದು ಸೆಟ್ ಬೇಕಂತೆ. ಅವರ ಚಾವಡಿ ನಮ್ಮದರ ಎರಡರಷ್ಟು ಉದ್ದ, ಒಂದೂವರೆ ಅಲ್ಲಿಗೆ ಸಾಲದು.