ನಾಳೆಯಿಲ್ಲದ ಪಂದ್ಯ

2022ರ ನವೆಂಬರ್ 22ರಂದು ಕತಾರ್‌ನ ಲುಸೈಲ್ ಕ್ರೀಡಾಂಗಣದಲ್ಲಿ ಸೌದಿ ಅರೇಬಿಯಾದ ಫುಟ್‌ಬಾಲ್ ತಂಡವು, ಅದುವರೆಗೆ ಸತತ 36 ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿತು. ಆದರೆ ಅದು ಗುಂಪು ಹಂತದ ಪಂದ್ಯವಾಗಿದ್ದುದರಿಂದ ಅರ್ಜೆಂಟೀನಾಕ್ಕೆ ತಪ್ಪು ತಿದ್ದಿಕೊಳ್ಳಲು ಇನ್ನೆರಡು ಪಂದ್ಯಗಳಿದ್ದವು; ಅವೆರಡನ್ನೂ ಗೆದ್ದು ಮುಂದೆ ಸಾಗಿದ ಆ ತಂಡ ಡಿಸೆಂಬರ್ 18ರಂದು ಅದೇ ಮೈದಾನದಲ್ಲಿ ವಿಶ್ವಕಪ್ಪನ್ನು ಎತ್ತಿ ಹಿಡಿಯಿತು. ಅಂದು ಗೆದ್ದ ಸೌದಿ ತಂಡಕ್ಕೆ ಗುಂಪು ಹಂತವನ್ನು ದಾಟಲೂ ಆಗಲಿಲ್ಲ. ಅದೇ ಫಲಿತಾಂಶ ನಾಕೌಟ್ ಹಂತದಲ್ಲಿ ಬಂದಿದ್ದರೆ ಅರ್ಜೆಂಟೀನಾ ಮರುದಿನವೇ ವಿಮಾನ ಹತ್ತಬೇಕಾಗಿತ್ತು. ಸೋತರೆ ಹೊರಗೆ ಎಂಬ ಪದ್ಧತಿಯಲ್ಲಿ ಅನಿರೀಕ್ಷಿತ ಫಲಿತಾಂಶಗಳು ಅಷ್ಟೊಂದು ರೋಮಾಂಚನ ಹುಟ್ಟಿಸುವುದಕ್ಕೆ, ಅಲ್ಲಿ ಆದದ್ದನ್ನು ಸರಿಪಡಿಸಿಕೊಳ್ಳಲು ಯಾರಿಗೂ ಸಮಯವಿಲ್ಲದಿರುವುದೇ ಮುಖ್ಯ ಕಾರಣವೆಂದು ನನಗೆ ಅನ್ನಿಸುತ್ತದೆ.

ಇದರ ಹಿಂದಿನ ಲೆಕ್ಕ ಸರಳವಾಗಿದೆ. ಎರಡು ತಂಡಗಳು ಎದುರಾದಾಗ ಬಲಶಾಲಿ ತಂಡ ಗೆಲ್ಲುವ ಸಾಧ್ಯತೆ ಪ್ರತಿ ಪಂದ್ಯದಲ್ಲಿ ನೂರಕ್ಕೆ 60 ಎಂದಿಟ್ಟುಕೊಳ್ಳೋಣ. ಮೂರು ಪಂದ್ಯಗಳ ಸರಣಿಯಲ್ಲಿ ಅದು ಸುಮಾರು 65ಕ್ಕೆ ಏರುತ್ತದೆ, ಏಳು ಪಂದ್ಯಗಳ ಸರಣಿಯಲ್ಲಿ 71ಕ್ಕೆ. ಆಡಿದಷ್ಟೂ ಅದೃಷ್ಟದ ಪಾಲು ಕರಗುತ್ತದೆ. ಒಂದೇ ಪಂದ್ಯಕ್ಕೆ ನಿಲ್ಲಿಸಿದರೆ ಅದು ಇಡಿಯಾಗಿ ಉಳಿಯುತ್ತದೆ. ಇನ್ನು, ಪ್ರತಿ ಸುತ್ತಿನಲ್ಲೂ ನೂರಕ್ಕೆ 80ರಷ್ಟು ಗೆಲ್ಲುವ ಸಾಧ್ಯತೆಯಿರುವ ಪ್ರಬಲ ತಂಡಕ್ಕೂ ಆರು ನಾಕೌಟ್ ಸುತ್ತುಗಳನ್ನು ಸತತವಾಗಿ ದಾಟುವ ಸಾಧ್ಯತೆ ಸುಮಾರು 26 ಮಾತ್ರ. ಎಲ್ಲರೂ ಗೆಲ್ಲುತ್ತದೆಂದು ನಂಬಿರುವ ತಂಡವೇ ಗೆಲ್ಲದಿರುವುದು ಇಲ್ಲಿ ವಾಡಿಕೆ.

ಹಾಗೆಂದು ಲೆಕ್ಕವೊಂದರಿಂದಲೇ ಮೈನವಿರೇಳುವುದಿಲ್ಲ. 2015-16ರಲ್ಲಿ ಲೆಸ್ಟರ್ ಸಿಟಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ಗೆದ್ದದ್ದು ಯಾವ ನಾಕೌಟ್ ಗೆಲುವಿಗಿಂತಲೂ ದೊಡ್ಡ ಅಚ್ಚರಿ, ಏಕೆಂದರೆ ಅದು 38 ಪಂದ್ಯಗಳ ಪರೀಕ್ಷೆಯನ್ನು ದಾಟಿ ಬಂದದ್ದು. ಆದರೆ ಆ ಅಚ್ಚರಿಗೆ ನಾವು ತಿಂಗಳುಗಟ್ಟಲೆ ಒಗ್ಗಿಕೊಂಡೆವು. ನಾಕೌಟ್ ಪಂದ್ಯ ಅಂತಹ ಬಿಡುವು ಕೊಡುವುದಿಲ್ಲ. ಅಲ್ಲಿ ಗಡಿಯಾರ ಓಡುತ್ತಿದ್ದಂತೆ ಆಟವೇ ಬದಲಾಗುತ್ತದೆ: ಹಿಂದೆ ಬಿದ್ದಿರುವ ಬಲಾಢ್ಯರು ಇನ್ನು ಸಮಯವಿಲ್ಲವೆಂದು ಅವಸರಪಟ್ಟು ತಮ್ಮದಲ್ಲದ ಆಟವನ್ನು ಆಡತೊಡಗುತ್ತಾರೆ, ಕಳೆದುಕೊಳ್ಳಲು ಏನೂ ಇಲ್ಲದವರ ಮುಖದಲ್ಲಿ ಮೊದಲ ಬಾರಿಗೆ ಕಳೆದುಕೊಳ್ಳುವ ಭಯ ಕಾಣಿಸಿಕೊಳ್ಳುತ್ತದೆ. ಆ ಕೊನೆಯ ಕಾಲು ಗಂಟೆಗಾಗಿಯೇ ನಾನು ಇಂತಹ ಪಂದ್ಯಗಳನ್ನು ನೋಡುತ್ತೇನೆ.

1996ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ಈ ಪದ್ಧತಿಯ ಎರಡೂ ಮುಖಗಳು ಒಟ್ಟಿಗೇ ಕಂಡವು. ಗುಂಪು ಹಂತದಲ್ಲಿ ವೆಸ್ಟ್ ಇಂಡೀಸ್ ಕೀನ್ಯಾದ 166 ರನ್‌ಗಳನ್ನು ಬೆನ್ನಟ್ಟಲಾಗದೆ 93ಕ್ಕೆ ಆಲೌಟ್ ಆಗಿ ಮುಖಭಂಗ ಅನುಭವಿಸಿದರೂ ಮುಂದಿನ ಪಂದ್ಯದಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ಉಳಿದುಕೊಂಡಿತು. ಗುಂಪಿನ ಐದೂ ಪಂದ್ಯಗಳನ್ನು ಗೆದ್ದಿದ್ದ ದಕ್ಷಿಣ ಆಫ್ರಿಕಾಕ್ಕೆ ಕರಾಚಿಯ ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದದ್ದು ಅದೇ ವೆಸ್ಟ್ ಇಂಡೀಸ್. ಬ್ರಯಾನ್ ಲಾರಾ 111 ರನ್ ಹೊಡೆದರು, ದಕ್ಷಿಣ ಆಫ್ರಿಕಾ 19 ರನ್‌ಗಳಿಂದ ಸೋತಿತು, ಐದು ಗೆಲುವುಗಳು ಲೆಕ್ಕಕ್ಕೆ ಬರಲಿಲ್ಲ. ಇದು ಅನ್ಯಾಯವೇ ಎಂದು ಕೇಳಿದರೆ, ಹೌದು ಎನ್ನುತ್ತೇನೆ. ಮೊದಲೆರಡು ಸ್ಥಾನಗಳ ತಂಡಗಳಿಗೆ ಒಂದು ಸೋಲನ್ನು ಮನ್ನಿಸುವ ಐಪಿಎಲ್ ಪ್ಲೇಆಫ್ ಇದಕ್ಕಿಂತ ನ್ಯಾಯವಾದ ವ್ಯವಸ್ಥೆ. ಆದರೆ ಆ ಎರಡು ತಂಡಗಳು ಎದುರಾಗುವ ಅದರ ಮೊದಲ ಕ್ವಾಲಿಫೈಯರ್ ಅನ್ನು ನಾನೆಂದೂ ಉಸಿರು ಬಿಗಿಹಿಡಿದು ನೋಡಿದ್ದಿಲ್ಲ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಷ್ಟು ನಿರ್ದಯವಾಗಿ ಈ ಪದ್ಧತಿಯನ್ನು ನಡೆಸುವವರು ಕಡಿಮೆ. ಪುರುಷರ ವಿಭಾಗ 1985ರಲ್ಲಿ 64 ತಂಡಗಳಿಗೆ ವಿಸ್ತರಣೆಯಾದ ಮೇಲೆ ಹದಿನಾರು ತಂಡಗಳ ನಾಲ್ಕು ಭಾಗಗಳಲ್ಲಿ ಮೊದಲ ಶ್ರೇಯಾಂಕದ ತಂಡಗಳು ಕೊನೆಯ, ಅಂದರೆ ಹದಿನಾರನೇ, ಶ್ರೇಯಾಂಕದವರ ಎದುರು ಆಡಿದ 135 ಪಂದ್ಯಗಳನ್ನೂ ಗೆದ್ದಿದ್ದವು. 2018ರ ಮಾರ್ಚ್ 16ರಂದು, ಇಡೀ ಪಂದ್ಯಾವಳಿಯಲ್ಲೇ ಅಗ್ರ ಶ್ರೇಯಾಂಕ ಪಡೆದಿದ್ದ ವರ್ಜೀನಿಯಾ ತಂಡವನ್ನು ಯುಎಂಬಿಸಿ ಎಂಬ ಮೇರಿಲ್ಯಾಂಡ್‌ನ ವಿಶ್ವವಿದ್ಯಾಲಯದ ತಂಡ ಎದುರಿಸಿತು. ವರ್ಜೀನಿಯಾದ್ದು ನಿಧಾನಗತಿಯ ಆಟ, ಬಿಗಿಯಾದ ರಕ್ಷಣೆ. ಇಲ್ಲೊಂದು ಸೂಕ್ಷ್ಮವಿದೆ: ಆಟ ನಿಧಾನವಾದಷ್ಟೂ ಎರಡೂ ಕಡೆಯವರಿಗೆ ಸಿಗುವ ಅವಕಾಶಗಳು ಕಡಿಮೆಯಾಗುತ್ತವೆ, ಅವಕಾಶಗಳು ಕಡಿಮೆಯಾದಷ್ಟೂ ದುರ್ಬಲರಿಗೆ ಅನುಕೂಲ, ಬಲಶಾಲಿ ತಂಡವೇ ತನ್ನ ಶೈಲಿಯಿಂದ ಅದೃಷ್ಟಕ್ಕೆ ಬಾಗಿಲು ತೆರೆದಿಟ್ಟಂತಾಗಿತ್ತು. ಮಧ್ಯಂತರದಲ್ಲಿ ಅಂಕಗಳು 21-21. ಕೊನೆಯಲ್ಲಿ ಯುಎಂಬಿಸಿ 74, ವರ್ಜೀನಿಯಾ 54.

ಕೂದಲೆಳೆಯ ಅಂತರವಲ್ಲ, ಇಪ್ಪತ್ತು ಅಂಕ. ನೂರು ಬಾರಿ ಆಡಿಸಿದರೂ ಈ ಫಲಿತಾಂಶ ಮತ್ತೆ ಬರುತ್ತಿತ್ತೋ ಇಲ್ಲವೋ, ಆದರೆ ಎರಡನೇ ಬಾರಿ ಆಡಿಸುವ ಪದ್ಧತಿಯೇ ಅಲ್ಲಿರಲಿಲ್ಲ. ವರ್ಜೀನಿಯಾ ಒಂದು ವರ್ಷ ಕಾದು 2019ರಲ್ಲಿ ಪ್ರಶಸ್ತಿ ಗೆದ್ದಿತು. ಯುಎಂಬಿಸಿಯಂತೂ ಅಷ್ಟು ದಿನ ಕಾಯಬೇಕಾಗಲಿಲ್ಲ: ಎರಡೇ ದಿನಗಳ ಬಳಿಕ, ಮಾರ್ಚ್ 18ರಂದು, ಕ್ಯಾನ್ಸಾಸ್ ಸ್ಟೇಟ್ ಎದುರು 43-50ರಿಂದ ಸೋತು ಮನೆಗೆ ಮರಳಿತು.